ಗುಂಪಿನ ಮೀನುಗಳ ಕಚ್ಚಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಟ್ಯಾಂಕ್ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ ಇದೆ. ಆರು ಟೈಗರ್ ಬಾರ್ಬ್ ತಂದಿದ್ದೆ, ಎರಡು ಸತ್ತವು. ಉಳಿದ ನಾಲ್ಕರಲ್ಲಿ ದೊಡ್ಡದೊಂದು ಮೀನು ಚಿಕ್ಕದನ್ನು ಇಡೀ ದಿನ ಅಟ್ಟಾಡಿಸುತ್ತದೆ. ಚಿಕ್ಕದರ ಬಾಲ ಹರಿದು ಚಿಂದಿಯಾಗಿದೆ. ಅದು ಫಿಲ್ಟರ್ ಹಿಂದೆ ಅಡಗಿರುತ್ತದೆ, ತಿನ್ನೋಕೂ ಹೊರಗೆ ಬರಲ್ಲ. ಗುಂಪಿನಲ್ಲಿ ಈಜುವ ಮೀನುಗಳು ಹೊಂದಿಕೊಂಡು ಇರುತ್ತವೆ ಅಂದುಕೊಂಡಿದ್ದೆ. ಆ ದೊಡ್ಡದನ್ನು ತೆಗೆದುಬಿಟ್ಟರೆ ಸರಿಹೋಗುತ್ತಾ?

ಉತ್ತರ: ಮೊದಲು ಚಿಕ್ಕದನ್ನು ತೆಗೆಯಿರಿ, ದೊಡ್ಡದನ್ನಲ್ಲ. ಇವತ್ತೇ ತೆಗೆಯಿರಿ. ತಿನ್ನೋದು ಬಿಟ್ಟ ಮೀನಿಗೆ ಕಾಯುವಷ್ಟು ಸಮಯ ಇರಲ್ಲ.

ಹತ್ತಿಪ್ಪತ್ತು ಲೀಟರ್ ಹಿಡಿಯುವ ಯಾವುದಾದರೂ ಶುಭ್ರವಾದ ಡಬ್ಬಿ ಸಾಕು, ಸೋಪು ಸೋಕಿರಬಾರದು ಅಷ್ಟೇ. ಟ್ಯಾಂಕಿನ ನೀರನ್ನೇ ತುಂಬಿ, ಏರ್ ಪಂಪ್ ಹಾಕಿ, ಸಾಧ್ಯವಾದರೆ ಈಗಿರುವ ಫಿಲ್ಟರಿನ ಒಂದು ತುಂಡು ಸ್ಪಾಂಜನ್ನು ಅದರೊಳಗೆ ಇಡಿ, ಏಕೆಂದರೆ ಮೀನಿನ ಕಸದಿಂದ ನೀರಿಗೆ ಸೇರುವ ಅಮೋನಿಯಾ ಅನ್ನುವ ವಿಷವನ್ನು ತೆಗೆಯುವ ಬ್ಯಾಕ್ಟೀರಿಯಾ ಹೆಚ್ಚಾಗಿ ಆ ಸ್ಪಾಂಜಿನಲ್ಲೇ ಇರೋದು. ನೀರಿನ ಬಿಸಿ 24ರಿಂದ 26 ಡಿಗ್ರಿ ಇರಲಿ. ದಿನಾ ಕಾಲು ಭಾಗ ನೀರು ಬದಲಿಸಿ. ಕ್ಲೋರಿನ್ ತೆಗೆದ ನೀರನ್ನೇ ಹಾಕಿ. ನೀರು ಶುಭ್ರವಾಗಿದ್ದರೆ ಹರಿದ ಬಾಲ ತಾನೇ ಬೆಳೆಯುತ್ತದೆ, ಔಷಧಿ ಬೇಕಾಗಲ್ಲ. ಗಾಯದ ಮೇಲೆ ಹತ್ತಿಯಂಥ ಬಿಳಿ ಪದರ ಬಂದರೆ, ಅಥವಾ ಅಂಚು ಕೆಂಪಾಗಿ ಬಾಲ ದಿನದಿನಕ್ಕೆ ಕರಗುತ್ತಾ ಹೋದರೆ ಮಾತ್ರ ಔಷಧಿ ಕೊಡಿ. ಅದನ್ನೂ ಈ ಡಬ್ಬಿಯಲ್ಲೇ ಕೊಡಿ, ದೊಡ್ಡ ಟ್ಯಾಂಕಿಗೆ ಸುರಿಯಬೇಡಿ.

ಇನ್ನು ದೊಡ್ಡದರ ವಿಷಯ. ಅದನ್ನು ತೆಗೆದರೆ ಎರಡು ದಿನ ಶಾಂತಿ ಇರುತ್ತದೆ, ಆಮೇಲೆ ಎರಡನೆಯದು ಶುರುಮಾಡುತ್ತದೆ. ಇದು ನಾನೇ ಮಾಡಿದ ತಪ್ಪು. ಹಿಂದೆ ಸರ್ಪೆ ಟೆಟ್ರಾ ಅನ್ನುವ ಇಂಥದೇ ಗುಂಪಿನ ಮೀನು ಐದು ಸಾಕಿದ್ದೆ. ಕಚ್ಚುವ ಒಂದನ್ನು ತೆಗೆದೆ, ಅಲ್ಲಿವರೆಗೂ ತನ್ನ ಪಾಡಿಗೆ ಇದ್ದ ಇನ್ನೊಂದು ಆ ಜಾಗಕ್ಕೆ ಬಂತು. ಅದನ್ನೂ ತೆಗೆದೆ. ಕೊನೆಗೆ ಮೂರೇ ಮೂರು ಉಳಿದು, ಅವುಗಳಲ್ಲಿ ಒಂದು ಸತ್ತೇ ಹೋಯಿತು. ಅದು ಮೂಲೆಯಲ್ಲಿ ತಲೆ ಕೆಳಗೆ ಮಾಡಿ ನಿಂತಿದ್ದು ನನಗೆ ಇನ್ನೂ ನೆನಪಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗುಂಪಿನ ಮೀನು ಅಂದರೆ ಸಾಧು ಮೀನು ಅಂತ ಅರ್ಥ ಅಲ್ಲ. ಅವು ಒಟ್ಟಿಗೆ ಇರೋದು ಮುಖ್ಯವಾಗಿ ಬೇಟೆಗೆ ಸಿಗಬಾರದು ಅಂತ. ಹತ್ತಾರು ಮೀನು ಒಟ್ಟಿಗೆ ತಿರುಗಿದರೆ ಹಿಡಿಯಲು ಬಂದ ದೊಡ್ಡ ಮೀನಿಗೆ ಯಾವುದೋ ಒಂದರ ಮೇಲೆ ಕಣ್ಣಿಡೋದು ಕಷ್ಟ. ಆದರೆ ಆ ಗುಂಪಿನ ಒಳಗೆ ಯಾರು ಮೇಲು, ಯಾರು ಮೊದಲು ತಿನ್ನಬೇಕು ಅನ್ನುವ ಲೆಕ್ಕ ಸದಾ ನಡೆದೇ ಇರುತ್ತದೆ. ಟೈಗರ್ ಬಾರ್ಬ್‌ಗಳಲ್ಲಿ ಇದು ಇನ್ನೂ ಜೋರು. ಸುಮಾತ್ರಾ, ಬೋರ್ನಿಯೋದ ಹೊಳೆಗಳಲ್ಲಿ ಅವುಗಳಿಗೆ ಓಡಲು ಜಾಗ ಇದೆ, ಅಡಗಲು ಬೇರು, ಎಲೆ ಇವೆ. ಹತ್ತು ಹನ್ನೆರಡು ಮೀನಿದ್ದಾಗ ದೊಡ್ಡದು ಒಂದನ್ನು ಅಟ್ಟುತ್ತದೆ, ಅಷ್ಟರಲ್ಲಿ ಎದುರಿಗೆ ಇನ್ನೊಂದು ಬರುತ್ತದೆ, ಅದರ ಹಿಂದೆ ಹೋಗುತ್ತದೆ. ಪೆಟ್ಟು ಹಂಚಿಹೋಗುತ್ತದೆ, ಯಾರಿಗೂ ಗಾಯ ಆಗುವಷ್ಟು ಬೀಳಲ್ಲ. ನಾಲ್ಕೇ ಇದ್ದಾಗ ಹಾಗಾಗಲ್ಲ. ಎಲ್ಲ ಪೆಟ್ಟೂ ಕೊನೆಯದರ ಮೇಲೆಯೇ. ನಿಮ್ಮ ಟ್ಯಾಂಕಿನಲ್ಲಿ ಆಗಿರೋದು ಇದೇ.

ಹಾಗಾಗಿ ಸಂಖ್ಯೆ ಹೆಚ್ಚಿಸಬೇಕು. ಜಗಳ ಆಗುತ್ತಿರುವ ಟ್ಯಾಂಕಿಗೆ ಇನ್ನಷ್ಟು ಮೀನು ಬಿಡೋದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಇವುಗಳ ವಿಷಯದಲ್ಲಿ ಅದೇ ಸರಿಯಾದ ದಾರಿ. ನಿಮ್ಮ ಟ್ಯಾಂಕಿನ ಅಳತೆ ಲೆಕ್ಕ ಹಾಕಿದರೆ ಸುಮಾರು 125 ಲೀಟರ್. ಮರಳು, ಕಲ್ಲು ಕಳೆದು ನೀರು 110 ಲೀಟರ್ ಇರಬಹುದು. ಒಟ್ಟು ಹತ್ತು ಬಾರ್ಬ್ ಅದರಲ್ಲಿ ಇರಬಹುದು. ಎರಡಡಿ ಟ್ಯಾಂಕ್ ಆಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ, ನಾಲ್ಕನ್ನೂ ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ ಅನ್ನುತ್ತಿದ್ದೆ.

ಆದರೆ ನಾಳೆಯೇ ತರಬೇಡಿ. ಎರಡು ಮೀನು ಯಾಕೆ ಸತ್ತವು ಅಂತ ನೀವು ಬರೆದಿಲ್ಲ. ನೀರು ಪರೀಕ್ಷಿಸಿ. ಅಮೋನಿಯಾ, ಅದರಿಂದಾಗುವ ಇನ್ನೊಂದು ವಿಷ ನೈಟ್ರೈಟ್, ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಬೇಕು, ಆ ನೀರಿಗೆ ಎಷ್ಟು ಮೀನು ತಂದರೂ ಉಳಿಯಲ್ಲ. ನೀರು ಸರಿ ಇದ್ದರೆ ಹೊಸ ಆರು ಮೀನುಗಳನ್ನು ತಂದು ಎರಡು ಮೂರು ವಾರ ಬೇರೆ ಇಟ್ಟು, ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅಷ್ಟರಲ್ಲಿ ನಿಮ್ಮ ಚಿಕ್ಕ ಮೀನಿನ ಬಾಲವೂ ಸಾಕಷ್ಟು ಬಂದಿರುತ್ತದೆ. ಆರಿಸುವಾಗ ಹೆಣ್ಣು ಜಾಸ್ತಿ ಇರುವಂತೆ ನೋಡಿ: ಗಂಡಿನ ಮೂತಿ ಕೆಂಪಗೆ, ಮೈ ಸಣ್ಣ. ಹೆಣ್ಣಿನ ಹೊಟ್ಟೆ ದುಂಡಗೆ, ಬಣ್ಣ ಸ್ವಲ್ಪ ಮಂಕು.

ಬಿಡುವ ದಿನ ಟ್ಯಾಂಕಿನ ಕಲ್ಲು, ಗಿಡ, ಕಟ್ಟಿಗೆ ಎಲ್ಲದರ ಜಾಗ ಬದಲಿಸಿ. ಇದು ಸಣ್ಣ ಕೆಲಸ, ಆದರೆ ತುಂಬಾ ಉಪಯೋಗ. ದೊಡ್ಡ ಮೀನು ಇದು ನನ್ನ ಜಾಗ ಅಂತ ಹಿಡಿದುಕೊಂಡಿದ್ದ ಮೂಲೆ ಈಗ ಇಲ್ಲ, ಅದೂ ಹೊಸಬರ ಜೊತೆ ಹೊಸದಾಗಿ ಶುರುಮಾಡಬೇಕು. ಟ್ಯಾಂಕಿನ ಮಧ್ಯೆ ಎತ್ತರದ ಗಿಡಗಳ ಒಂದು ದಟ್ಟ ಸಾಲು ಇಡಿ, ಒಂದು ತುದಿಯಲ್ಲಿರುವ ಮೀನಿಗೆ ಇನ್ನೊಂದು ತುದಿ ಕಾಣಬಾರದು. ಕಣ್ಣಿಗೆ ಬೀಳದ ಮೀನನ್ನು ಯಾರೂ ಅಟ್ಟಲ್ಲ. ಆಮೇಲೆ ರಾತ್ರಿ ದೀಪ ಆರಿಸಿ, ಹೊಸ ಆರನ್ನೂ ಹಳೆಯ ಚಿಕ್ಕದನ್ನೂ ಒಟ್ಟಿಗೇ ಬಿಡಿ. ಒಂದೊಂದಾಗಿ ಬಿಟ್ಟರೆ ಪ್ರತಿಯೊಂದೂ ಒಂಟಿಯಾಗಿ ಏಟು ತಿನ್ನುತ್ತದೆ.

ಮೊದಲ ವಾರ ಓಡಾಟ, ತಳ್ಳಾಟ ಇದ್ದೇ ಇರುತ್ತದೆ. ಗಾಬರಿಯಾಗಬೇಡಿ. ದಿನಾ ಹತ್ತು ನಿಮಿಷ ಸುಮ್ನೆ ಎದುರಿಗೆ ಕೂತು ನೋಡಿ. ಅಟ್ಟಿಸಿಕೊಳ್ಳುವ ಮೀನು ಬದಲಾಗುತ್ತಿದೆಯಾ, ಎಲ್ಲವೂ ತಿನ್ನುತ್ತಿವೆಯಾ, ಎಲ್ಲಾದರೂ ಹೊಸದಾಗಿ ರೆಕ್ಕೆ ಹರಿದಿದೆಯಾ? ತಿಂಡಿಯನ್ನು ಒಂದೇ ಕಡೆ ಹಾಕದೆ ಎರಡು ಮೂರು ಕಡೆ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಎರಡು ಸಲ ಹಾಕಿ. ಮೀನು ಜಾಸ್ತಿಯಾದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲೇಬೇಕು. ಎರಡು ವಾರವಾದರೂ ದೊಡ್ಡದು ಒಂದೇ ಮೀನಿನ ಬೆನ್ನು ಬಿದ್ದಿದ್ದರೆ, ಆಗ ಅದನ್ನು ಮೂರು ನಾಲ್ಕು ದಿನ ಬೇರೆ ಇಡಿ. ವಾಪಸ್ ಬಂದಾಗ ಗುಂಪು ಅದಿಲ್ಲದೆ ಹೊಂದಿಕೊಂಡಿರುತ್ತದೆ, ಅದು ಹೊಸಬನ ಹಾಗೆ ಒಳಗೆ ಬರಬೇಕಾಗುತ್ತದೆ. ಬಹಳ ಸಲ ಇಷ್ಟರಲ್ಲೇ ತಣ್ಣಗಾಗುತ್ತದೆ.

ಗಾಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಕಾರ್ಲ್ ಫಾನ್ ಫ್ರಿಶ್ ಗೊತ್ತಲ್ಲ, ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರು. ಅವರು ಮೀನುಗಳನ್ನೂ ಗಮನಿಸಿದ್ದರು. ಮಿನ್ನೋ ಅನ್ನುವ ಸಣ್ಣ ಮೀನಿನ ಚರ್ಮಕ್ಕೆ ಗಾಯವಾದರೆ ನೀರಿಗೆ ಒಂದು ರಾಸಾಯನಿಕ ಸೇರುತ್ತದೆ, ಅದರ ವಾಸನೆಗೆ ಇಡೀ ಗುಂಪು ಹೆದರಿ ಚದುರುತ್ತದೆ ಅಂತ 1938ರಲ್ಲಿ ಬರೆದರು. ಬಾರ್ಬ್‌ಗಳು ಮಿನ್ನೋ ಸಂಬಂಧಿಗಳೇ, ಟೆಟ್ರಾಗಳಲ್ಲೂ ಈ ಗುಣ ಇದೆ. ಅಂದರೆ ಒಂದರ ಮೈ ಹರಿದರೆ ಆ ಭಯ ಉಳಿದವುಗಳಿಗೂ ತಟ್ಟಬಹುದು.

ಪ್ರಶ್ನೆ: ಎಂಟು ಬ್ಲ್ಯಾಕ್ ಫ್ಯಾಂಟಮ್ ಟೆಟ್ರಾ ಇವೆ. ಎರಡು ಮೀನು ದಿನಾ ಎದುರುಬದುರು ನಿಂತು ರೆಕ್ಕೆ ಪೂರ್ತಿ ಬಿಚ್ಚಿ ಸುತ್ತು ಹೊಡೆಯುತ್ತವೆ. ಬೇರೆ ಮಾಡಬೇಕಾ?

ಉತ್ತರ: ಬೇಡ, ಖಂಡಿತಾ ಬೇಡ. ಅವು ಗಂಡುಗಳು, ಬೆನ್ನಿನ ರೆಕ್ಕೆ ದೊಡ್ಡದಾಗಿ ಕಪ್ಪಗಿದ್ದರೆ ಗಂಡು ಅಂತಲೇ ಲೆಕ್ಕ, ಹೆಣ್ಣಿನ ಹೊಟ್ಟೆಯ ಕಡೆಯ ರೆಕ್ಕೆಗಳು ಕೆಂಪಗಿರುತ್ತವೆ. ಯಾರು ದೊಡ್ಡವರು ಅಂತ ಮೈ ತೋರಿಸಿಕೊಳ್ಳುತ್ತಿವೆ, ಅಷ್ಟೇ. ಸಾಮಾನ್ಯವಾಗಿ ಒಂದು ರೆಕ್ಕೆ ಮಡಚಿ ಹಿಂದೆ ಸರಿಯುತ್ತದೆ, ಅಲ್ಲಿಗೆ ಮುಗಿಯಿತು. ರೆಕ್ಕೆ ಹರಿಯದೆ, ಎರಡೂ ಚೆನ್ನಾಗಿ ತಿನ್ನುತ್ತಿದ್ದರೆ ಅದು ಆರೋಗ್ಯದ ಲಕ್ಷಣ. ಈ ಜಾತಿಯ ಅತಿ ಚೆಂದದ ನೋಟವೇ ಇದು, ಕಣ್ತುಂಬ ನೋಡಿ.

ಪ್ರಶ್ನೆ: ಬ್ಲ್ಯಾಕ್ ಸ್ಕರ್ಟ್ ಟೆಟ್ರಾ ಆರು ಇವೆ, ಅದೇ ಟ್ಯಾಂಕಿಗೆ ಒಂದು ಫೈಟರ್ ಮೀನು ಬಿಡಬಹುದಾ?

ಉತ್ತರ: ಬಿಡಬೇಡಿ. ಫೈಟರ್ ಅಂತ ಹೆಸರಿದ್ದರೂ ಇಲ್ಲಿ ಏಟು ತಿನ್ನೋದು ಅದೇ. ನಿಧಾನವಾಗಿ ಈಜುತ್ತಾ ಉದ್ದ ರೆಕ್ಕೆ ಬೀಸುವ ಯಾವ ಮೀನನ್ನೂ ಟೈಗರ್ ಬಾರ್ಬ್, ಸರ್ಪೆ, ಬ್ಲ್ಯಾಕ್ ಸ್ಕರ್ಟ್ ಇವುಗಳ ಜೊತೆ ಇಡಬಾರದು. ಗಪ್ಪಿ, ಏಂಜೆಲ್ ಕೂಡ ಅಷ್ಟೇ. ಗುಂಪು ದೊಡ್ಡದಾದರೆ ಹೊರಗಿನವರನ್ನು ಕಚ್ಚೋದು ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುತ್ತದೆ ಅಂತ ನಂಬಿ ಒಂದು ಜೀವವನ್ನು ಅಪಾಯಕ್ಕೆ ಒಡ್ಡೋದು ಬೇಡ.

ಪ್ರಶ್ನೆ: ಹತ್ತು ನಿಯಾನ್ ಟೆಟ್ರಾಗಳಲ್ಲಿ ಒಂದು ನಾಲ್ಕು ದಿನದಿಂದ ಗುಂಪು ಬಿಟ್ಟು ಒಂಟಿಯಾಗಿದೆ. ಬಣ್ಣವೂ ಬೆಳ್ಳಗಾಗಿದೆ. ಉಳಿದವು ಓಡಿಸಿರಬಹುದಾ?

ಉತ್ತರ: ಇದು ಜಗಳದ ಹಾಗೆ ಕಾಣುತ್ತಿಲ್ಲ. ನಿಯಾನ್‌ಗಳು ಒಂದನ್ನೊಂದು ಇಷ್ಟು ದಿನ ದೂರ ಇಡೋದು ಅಪರೂಪ. ರಾತ್ರಿ ಬಣ್ಣ ಮಂಕಾಗೋದು ಸಹಜ, ಆದರೆ ಹಗಲಿನಲ್ಲೂ ಬೆಳ್ಳಗಿದ್ದು ಗುಂಪು ಬಿಟ್ಟಿದ್ದರೆ ಮೈಯಲ್ಲಿ ಏನೋ ಸರಿ ಇಲ್ಲ. ನಿಯಾನ್ ಟೆಟ್ರಾ ರೋಗ ಅಂತಲೇ ಒಂದಿದೆ. ಮಾಂಸಖಂಡದೊಳಗೆ ಬೆಳೆಯುವ ಅತಿ ಸಣ್ಣ ಪರಾವಲಂಬಿಯಿಂದ ಬರುತ್ತದೆ, ಚರ್ಮದ ಕೆಳಗೆ ಬಿಳಿ ಕಲೆ ಕಾಣುತ್ತದೆ, ಕ್ರಮೇಣ ಬೆನ್ನು ಸೊಟ್ಟಗಾಗುತ್ತದೆ. ನಂಬಬಹುದಾದ ಔಷಧಿ ಇಲ್ಲ. ಬೇರೆ ಕಾಯಿಲೆಯಿಂದಲೂ ಹೀಗೇ ಕಾಣಬಹುದು, ಅದಕ್ಕೇ ಸದ್ಯ ಆ ಮೀನನ್ನು ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡಿ. ಬಲೆಯನ್ನೂ ಅದಕ್ಕೇ ಬೇರೆ ಇಡಿ. ಉಳಿದ ಒಂಬತ್ತರ ಮೇಲೆ ಕೆಲವು ವಾರ ಕಣ್ಣಿರಲಿ. ಯಾವುದಾದರೂ ಸತ್ತರೆ ತಕ್ಷಣ ಹೊರಗೆ ತೆಗೆಯಿರಿ, ಸತ್ತದ್ದನ್ನು ಉಳಿದವು ಕಚ್ಚಿ ತಿಂದರೆ ರೋಗ ಅವುಗಳಿಗೂ ಹೋಗುತ್ತದೆ.