ನಾಯಿಯ ಹೊಣೆ ಹುಡುಗನೊಬ್ಬನದೇ?

ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಕೆಲಸಗಾರರ ಹಾಜರಿ, ಲೆಕ್ಕ ನೋಡಿಕೊಳ್ಳುವವರು) ಆಗಿರುವವರ 11 ವರ್ಷದ ಮಗನನ್ನು ತಾಯಿ ಆಪ್ತಸಲಹೆಗೆ ಕರೆತಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.) ಹುಡುಗ ಸುಳ್ಳು ಹೇಳುತ್ತಾನೆ, ಹೇಳಿದ ಕೆಲಸ ಮಾಡುವುದಿಲ್ಲ, ಈಚೆಗೆ ಸಾಕಿದ ನಾಯಿಗೇ ಕೋಲಿನಿಂದ ಬಾರಿಸಿದ್ದಾನೆ ಎಂಬುದು ಅವರ ದೂರು.

ಹುಟ್ಟುಹಬ್ಬಕ್ಕೆ ಜರ್ಮನ್ ಶೆಫರ್ಡ್ ಮರಿಯನ್ನು ತಂದುಕೊಟ್ಟ ತಂದೆ, ಇನ್ನು ಇದರ ಊಟ, ಸ್ನಾನ, ಶಿಸ್ತು ಎಲ್ಲವೂ ನಿನ್ನದೇ ಎಂದು ಮಗನಿಗೆ ವಹಿಸಿದ್ದರು. ಹುಡುಗ ಬೆಳಿಗ್ಗೆ ಶಾಲಾ ಬಸ್ ಹತ್ತಿದರೆ ಮರಳುವುದು ಸಂಜೆ. ಮಳೆಗಾಲವಿಡೀ ನಾಯಿ ಸೌದೆ ಕೊಟ್ಟಿಗೆಯಲ್ಲಿ ಗಿಡ್ಡ ಸರಪಳಿಯಲ್ಲಿ ಕಟ್ಟಿಸಿಕೊಂಡೇ ಇರುತ್ತಿತ್ತು. ಅಜ್ಜಿ ಕನಿಕರಪಟ್ಟು ಆಗಾಗ ಬಿಚ್ಚಿಬಿಡುತ್ತಿದ್ದರು, ತಮ್ಮ ತಟ್ಟೆಯಿಂದಲೇ ತುತ್ತು ಹಾಕುತ್ತಿದ್ದರು. ಹಾಗೆ ಬಿಟ್ಟ ಒಂದು ಸಂಜೆ ಅದು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹುಡುಗಿಯ ಕೈಗೆ ಕಚ್ಚಿತು. ತಂದೆ ಮಗನ ಕೆನ್ನೆಗೆ ಹೊಡೆದು ಕ್ರಿಕೆಟ್ ನಿಲ್ಲಿಸಿದರು. ಮರುದಿನ ಹುಡುಗ ಕೋಲು ಹಿಡಿದು, "ಎಷ್ಟು ಸಲ ಹೇಳ್ಬೇಕು ನಿಂಗೆ, ತಲೇಲಿ ಏನಿದೆ?" ಎಂದು ನಾಯಿಯನ್ನು ಕೇಳುತ್ತಿದ್ದನಂತೆ. ಮಾತು ಯಾರದೆಂದು ನಾನು ವಿಚಾರಿಸಬೇಕಾಗಲಿಲ್ಲ, ತಾಯಿ ತಲೆತಗ್ಗಿಸಿದರು.

ಉಳಿದ ಮಾತಿಗೆ ಮೊದಲು ನಾನು ಕೇಳಿದ್ದು ಕಚ್ಚಿಸಿಕೊಂಡ ಹುಡುಗಿಯ ವಿಷಯ. ಗಾಯಕ್ಕೆ ಅರಿಶಿನ ಮೆತ್ತಿ ಸುಮ್ಮನಾಗಿದ್ದರು; ನಾಯಿಗೆ ರೇಬೀಸ್ ಲಸಿಕೆಯೂ ಆಗಿರಲಿಲ್ಲ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕಿತ್ತು. ತಡವಾಗಿದ್ದರೂ ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಆರಂಭಿಸಬೇಕೆಂದೂ, ನಾಯಿಯ ಮೇಲೆ 10 ದಿನ ನಿಗಾ ಇಡುವುದು ಅಗತ್ಯವಾದರೂ ಅದರ ಫಲಿತಾಂಶಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬಾರದೆಂದೂ ತಿಳಿಸಿದೆ. ಖರ್ಚು ಕೊಡುವುದು, ಲೈನ್ ಮನೆಗೆ ಹೋಗಿ ಕ್ಷಮೆ ಕೇಳುವುದು ತಂದೆಯ ಕೆಲಸ. ಮಗ ಜೊತೆಗಿರಲಿ ಎಂದೆ.

ಎರಡನೆಯ ಭೇಟಿಗೆ ತಂದೆಯೂ ಬಂದರು. "ಜವಾಬ್ದಾರಿ ಕಲಿಯಲಿ ಅಂತ ತಾನೇ ತಂದದ್ದು?" ಎಂದರು. ಉದ್ದೇಶ ಸರಿಯಾದದ್ದೇ. ಆದರೆ ಲಸಿಕೆ, ವೈದ್ಯರ ಖರ್ಚು, ಕಚ್ಚಿದರೆ ಆಗುವ ಅನಾಹುತ, ಚಿರತೆಯ ಭಯವಿರುವ ತೋಟದಲ್ಲಿ ರಾತ್ರಿ ಅದನ್ನು ಎಲ್ಲಿ ಮಲಗಿಸಬೇಕೆಂಬ ತೀರ್ಮಾನ, ಇವು ಆರನೆಯ ತರಗತಿಯವನ ಹೆಗಲಿಗೆ ಹೊರಿಸುವಂಥವಲ್ಲ. ಗಿಡ್ಡ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದು ಹಾಗೂ ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಅದೂ ಮಾಲೀಕನದು ಎಂದಾಗ ಅವರು ಕೊಂಚ ಹೊತ್ತು ಸುಮ್ಮನಿದ್ದರು.

ಕೆಲಸ ಹಂಚಿದೆವು. ನೀರಿನ ಪಾತ್ರೆ ತೊಳೆದು ತುಂಬಿಸುವುದು, ಸಂಜೆ ತಾಯಿಯೊಂದಿಗೆ ಕುಳಿತು ಕಿವಿ ಮತ್ತು ಬೆರಳುಗಳ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಹುಡುಕುವುದು ಹುಡುಗನ ಪಾಲು. ಬೆಳಗಿನ ಓಡಾಟ ತಂದೆಯದು. ನೀರು ಮರೆತರೆ ತುಂಬಿಸಿದ ಮೇಲೆಯೇ ಆಟ, ಅದಕ್ಕಿಂತ ಹೆಚ್ಚಿನ ಶಿಕ್ಷೆ ಬೇಡ. ಮಗನಿಗೆ ಬುದ್ಧಿ ಬರಲೆಂದು ನಾಯಿಯನ್ನು ಹಸಿದಿರಿಸುವುದಂತೂ ಕೂಡದು. ಹೊಡೆತ ಇಬ್ಬರಿಗೂ ನಿಲ್ಲಬೇಕು. ನಾಯಿಗೆ ಗಂಟೆ ಕಳೆದು ಬಿದ್ದ ಪೆಟ್ಟಿನ ಕಾರಣ ತಿಳಿಯುವುದಿಲ್ಲ. ಹುಡುಗನಿಗೆ ತಿಳಿಯುವುದು ಪೆಟ್ಟು ತಪ್ಪಿಸಿಕೊಳ್ಳಲು ಸುಳ್ಳು ಬೇಕೆಂಬುದಷ್ಟೇ. ಎಲ್ಲಕ್ಕಿಂತ ಕಷ್ಟವಾದದ್ದು ಅಜ್ಜಿಯನ್ನು ಒಪ್ಪಿಸುವುದು: ಒಬ್ಬರು ಕಟ್ಟಿದ ನಿಯಮವನ್ನು ಇನ್ನೊಬ್ಬರು ಬಿಚ್ಚಿದರೆ ಮೊಮ್ಮಗನಾಗಲಿ ನಾಯಿಯಾಗಲಿ ಯಾರ ಮಾತನ್ನು ಕೇಳಬೇಕು? ತಮ್ಮ ಊಟ ಮುಗಿದ ಮೇಲೆ ನಾಯಿಯ ತಟ್ಟೆಗೇ ಹಾಕುತ್ತೇನೆಂದು ಕೊನೆಗೆ ಅವರು ಒಪ್ಪಿದರು.

ಹುಡುಗಿಯ ಚುಚ್ಚುಮದ್ದು ಪೂರ್ಣಗೊಂಡಿದೆ. ನಾಯಿ ಹೊಸಬರನ್ನು ಕಂಡರೆ ಈಗಲೂ ಎಗರುತ್ತದೆ, ಆದ್ದರಿಂದ ಅಂಗಳಕ್ಕೆ ಯಾರಾದರೂ ಬಂದಾಗ ದೊಡ್ಡವರೇ ಹಗ್ಗ ಹಿಡಿಯಬೇಕೆಂದು ಹೇಳಿದ್ದೇನೆ. ಹುಡುಗ ಮತ್ತೆ ಯಾವುದೇ ಪ್ರಾಣಿಗೆ ಹೊಡೆದದ್ದು ಕಂಡರೆ ತಡಮಾಡದೆ ಮಕ್ಕಳ ಮನೋವೈದ್ಯರಲ್ಲಿ ತೋರಿಸಬೇಕೆಂದು ಪೋಷಕರಿಗೆ ಬರೆದುಕೊಟ್ಟಿದ್ದೇನೆ.