ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲಬ್ಬು ಹೊಸ ಕ್ರೀಡಾಂಗಣಕ್ಕೆ ಹೋಗಬೇಕೆ?

ಫುಟ್‌ಬಾಲ್ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕ್ಲಬ್ಬಿನ ಅಭಿಮಾನಿಗಳವು. ಹಳೆಯ ಮೈದಾನವನ್ನು ಮಾರಿ ಬೇರೆಡೆ ದೊಡ್ಡ ಕ್ರೀಡಾಂಗಣಕ್ಕೆ ಹೋಗುವ ಸಾಧ್ಯತೆಯನ್ನು ಪರಿಶೀಲಿಸುತ್ತಿರುವುದಾಗಿ ಆಡಳಿತ ಮಂಡಳಿ ತಿಳಿಸಿದೆಯಂತೆ. ಅದಕ್ಕಿಂತ ಹೆಚ್ಚಿನ ವಿವರವನ್ನು ಅದು ಕೊಟ್ಟಿಲ್ಲ. ಪತ್ರ ಬರೆದವರ ಕೋರಿಕೆಯಂತೆ ಕ್ಲಬ್ಬಿನ ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ. ಇಂಥ ಸ್ಥಿತಿಯಲ್ಲಿರುವ ಯಾವ ಕ್ಲಬ್ಬಿಗೂ ಈ ಉತ್ತರಗಳು ಅನ್ವಯಿಸುತ್ತವೆ.

ಪ್ರಶ್ನೆ: ನಮ್ಮ ಅಭಿಮಾನಿ ಬಳಗ ಎರಡಾಗಿ ಒಡೆದಿದೆ. ಹಿರಿಯರು ಹಳೆಯ ಮೈದಾನವೇ ನಮ್ಮ ಉಸಿರು ಎನ್ನುತ್ತಾರೆ. ಕಿರಿಯರು ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎನ್ನುತ್ತಾರೆ. ನಾನು ಯಾರ ಕಡೆ ನಿಲ್ಲಬೇಕು?

ಉತ್ತರ: ಯಾರ ಕಡೆಯಾದರೂ ನಿಲ್ಲಿ, ಆದರೆ ಅದಕ್ಕೆ ಮೊದಲು ಒಂದು ಸಂಗತಿಯನ್ನು ಕೇಳಿ ತಿಳಿದುಕೊಳ್ಳಿ. ಹೊಸ ಕ್ರೀಡಾಂಗಣದ ಜಾಗ ಯಾರ ಹೆಸರಿನಲ್ಲಿರುತ್ತದೆ? ಹಳೆಯದು ಚೆಂದವೋ ಹೊಸದು ಚೆಂದವೋ ಎಂಬ ವಾದಕ್ಕೆ ಕೊನೆಯಿಲ್ಲ. ಸ್ಥಳಾಂತರಗೊಂಡ ಕ್ಲಬ್ಬುಗಳ ಇತಿಹಾಸವನ್ನು ನೋಡಿದರೆ, ಉಳಿದವರಿಗೂ ಕೆಟ್ಟವರಿಗೂ ನಡುವಿನ ಅಂತರ ಬಹಳಷ್ಟು ಸಲ ಇರುವುದು ಜಾಗದ ಒಡೆತನದಲ್ಲಿ.

ಇಂಗ್ಲೆಂಡಿನ ಕೊವೆಂಟ್ರಿ ಸಿಟಿಯನ್ನೇ ನೋಡಿ. ಶತಮಾನದಷ್ಟು ಕಾಲ ಆಡಿದ ಹೈಫೀಲ್ಡ್ ರೋಡ್ ಮೈದಾನವನ್ನು ಬಿಟ್ಟು 2005ರಲ್ಲಿ ಅದು ಹೊಸ ಅಂಗಣಕ್ಕೆ ಹೋಯಿತು. ಆದರೆ ಆ ಅಂಗಣದಲ್ಲಿ ಅದು ಬಾಡಿಗೆದಾರನಾಗಿತ್ತೇ ಹೊರತು ಒಡೆಯನಾಗಿರಲಿಲ್ಲ. ಬಾಡಿಗೆಯ ಜಗಳ ವಿಕೋಪಕ್ಕೆ ಹೋಗಿ, 2013ರಲ್ಲಿ ತಂಡ ತನ್ನ ‘ತವರು’ ಪಂದ್ಯಗಳನ್ನು ನಾರ್ಥಾಂಪ್ಟನ್ ಎಂಬ ಬೇರೆಯೇ ಊರಿನಲ್ಲಿ ಆಡಬೇಕಾಯಿತು. ಹಿಂದಿರುಗಿದ ಮೇಲೂ ನೆಮ್ಮದಿ ಸಿಗಲಿಲ್ಲ; ಅಷ್ಟರಲ್ಲಿ ಅಂಗಣ ಒಂದು ರಗ್ಬಿ ಕ್ಲಬ್ಬಿನ ಪಾಲಾಯಿತು, 2019ರಿಂದ ಎರಡು ಋತುಗಳನ್ನು ತಂಡ ಬರ್ಮಿಂಗ್‌ಹ್ಯಾಮಿನಲ್ಲಿ ಕಳೆಯಿತು. ಆ ಅಂಗಣ ಕ್ಲಬ್ಬಿನ ಸ್ವಂತದ್ದಾಗಲು 2025ರವರೆಗೆ ಕಾಯಬೇಕಾಯಿತು.

ಬ್ರೈಟನ್ ಕಥೆ ಇನ್ನೂ ಕಠಿಣವಾದುದು. 1902ರಿಂದ ಆಡುತ್ತಿದ್ದ ಗೋಲ್ಡ್‌ಸ್ಟೋನ್ ಮೈದಾನವನ್ನು ಅಂದಿನ ಆಡಳಿತ ಮಂಡಳಿ, ಮುಂದಿನ ನೆಲೆ ಯಾವುದೆಂದು ಖಚಿತವಾಗುವ ಮೊದಲೇ, ಕಟ್ಟಡ ವ್ಯವಹಾರದವರಿಗೆ ಮಾರಿಬಿಟ್ಟಿತು. 1997ರಲ್ಲಿ ಹೊರಬಿದ್ದ ತಂಡ ಎರಡು ಋತುಗಳನ್ನು ದೂರದ ಜಿಲ್ಲಿಂಗ್‌ಹ್ಯಾಮಿನಲ್ಲಿ, ಬಳಿಕ ಹನ್ನೆರಡು ವರ್ಷಗಳನ್ನು ಒಂದು ಅಥ್ಲೆಟಿಕ್ಸ್ ಮೈದಾನದಲ್ಲಿ ಕಳೆದು, 2011ರಲ್ಲಿ ಸ್ವಂತ ಕ್ರೀಡಾಂಗಣ ಸೇರಿತು. ಇಂದು ಆ ಕ್ಲಬ್ಬು ಚೆನ್ನಾಗಿದೆ ಎಂಬುದನ್ನು ಸ್ಥಳಾಂತರದ ಪರವಾದ ವಾದವಾಗಿ ಕೆಲವರು ಮುಂದಿಡುತ್ತಾರೆ. ನಡುವಿನ ಹದಿನಾಲ್ಕು ವರ್ಷಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜಂಟಿ ಒಡೆತನ ಎಂಬ ಮಾತು ಕೇಳಿಬಂದರೂ ಎಚ್ಚರದಿಂದಿರಿ. ಮ್ಯೂನಿಕ್ಕಿನ ಅಲಿಯಾನ್ಸ್ ಅರೀನಾವನ್ನು ಬಯರ್ನ್ ಮತ್ತು 1860 ಮ್ಯೂನಿಕ್ ಎಂಬ ಎರಡು ಕ್ಲಬ್ಬುಗಳು ಸರಿಪಾಲಿನಲ್ಲಿ ಕಟ್ಟಿದವು. 2005ರಲ್ಲಿ ಅಂಗಣ ತೆರೆಯಿತು. ಹಣದ ಮುಗ್ಗಟ್ಟಿಗೆ ಸಿಕ್ಕ 1860 ಮರುವರ್ಷವೇ ತನ್ನ ಪಾಲನ್ನು ಬಯರ್ನಿಗೆ ಮಾರಿ ತನ್ನದೇ ಅಂಗಣದಲ್ಲಿ ಬಾಡಿಗೆದಾರನಾಯಿತು, 2017ರಲ್ಲಿ ಅಲ್ಲಿಂದಲೂ ಹೊರಬಂದು ಹಳೆಯ ಪುಟ್ಟ ಮೈದಾನಕ್ಕೆ ಮರಳಿತು.

ಪ್ರಶ್ನೆ: ಆಸನಗಳು ಹೆಚ್ಚಿದರೆ ಆದಾಯ ಹೆಚ್ಚುತ್ತದೆ, ಆದಾಯ ಹೆಚ್ಚಿದರೆ ಒಳ್ಳೆಯ ಆಟಗಾರರು ಬರುತ್ತಾರೆ. ಇಷ್ಟು ಸರಳ ಲೆಕ್ಕ ನಮ್ಮ ಹಿರಿಯರಿಗೆ ಏಕೆ ಅರ್ಥವಾಗುವುದಿಲ್ಲ?

ಉತ್ತರ: ನಿಮ್ಮ ಲೆಕ್ಕದಲ್ಲಿ ಸಾಲದ ಕಂತು ಕಾಣುತ್ತಿಲ್ಲ. ಮನೆ ಕಟ್ಟಿ ನೋಡು ಎಂದು ನಮ್ಮವರು ಸುಮ್ಮನೆ ಹೇಳಿದ್ದಲ್ಲ. ಆರ್ಸೆನಲ್ 2006ರಲ್ಲಿ ಸುಮಾರು 38,000 ಆಸನಗಳ ಹೈಬರಿಯಿಂದ 60,000 ಮೀರಿದ ಆಸನಗಳ ಎಮಿರೇಟ್ಸ್ ಕ್ರೀಡಾಂಗಣಕ್ಕೆ ಹೋಯಿತು. ಪಂದ್ಯದ ದಿನದ ಆದಾಯವೇನೋ ಏರಿತು. ಆದರೆ ಕಟ್ಟಡದ ಸಾಲ ತೀರಿಸುವ ಆ ವರ್ಷಗಳಲ್ಲಿ ಕ್ಲಬ್ಬು ತನ್ನ ಉತ್ತಮ ಆಟಗಾರರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟಿತು, ಮತ್ತು 2005ರ ಎಫ್‌ಎ ಕಪ್ ಗೆದ್ದ ಮೇಲೆ ಮುಂದಿನ ದೊಡ್ಡ ಪ್ರಶಸ್ತಿಗೆ 2014ರವರೆಗೆ ಕಾಯಿತು. ಅದು ಯುರೋಪಿನ ಸಿರಿವಂತ ಕ್ಲಬ್ಬುಗಳಲ್ಲಿ ಒಂದು ಎಂಬುದು ನೆನಪಿರಲಿ.

ಟಾಟನ್‌ಹ್ಯಾಮ್ 2019ರಲ್ಲಿ ತೆರೆದ 62,850 ಆಸನಗಳ ಅಂಗಣದಲ್ಲಿ ಹುಲ್ಲಿನ ಮೈದಾನವೇ ಮೂರು ತುಂಡುಗಳಾಗಿ ದಕ್ಷಿಣ ಸ್ಟ್ಯಾಂಡಿನ ಅಡಿಗೆ ಸರಿಯುತ್ತದೆ, ಕೆಳಗಿರುವ ಕೃತಕ ನೆಲದ ಮೇಲೆ ಅಮೆರಿಕನ್ ಫುಟ್‌ಬಾಲ್ ನಡೆಯುತ್ತದೆ. ಅಂದರೆ ಇಷ್ಟು ದೊಡ್ಡ ಕಟ್ಟಡದ ಖರ್ಚನ್ನು ತೂಗಿಸಲು ಫುಟ್‌ಬಾಲ್ ಒಂದರಿಂದಲೇ ಆಗದು ಎಂದು ಕಟ್ಟಿಸಿದವರೇ ಒಪ್ಪಿಕೊಂಡಂತಾಯಿತು. ತಂಡಕ್ಕೆ ಬರುವ ಪ್ರೇಕ್ಷಕರನ್ನು ಎಣಿಸದೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಡಾರ್ಲಿಂಗ್ಟನ್ ಇದೆ. ಕೆಳಗಿನ ವಿಭಾಗದ ಆ ಪುಟ್ಟ ಕ್ಲಬ್ಬು 2003ರಲ್ಲಿ 25,000 ಆಸನಗಳ ಅಂಗಣಕ್ಕೆ ಹೋಗಿ, ಅದೇ ಋತುವಿನಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ವಶವಾಯಿತು. 2012ರ ಹೊತ್ತಿಗೆ ಅಭಿಮಾನಿಗಳು ಆ ಕಟ್ಟಡವನ್ನು ಬಿಟ್ಟು ಕ್ಲಬ್ಬನ್ನು ಕೆಳಗಿನಿಂದ ಮತ್ತೆ ಕಟ್ಟಬೇಕಾಯಿತು. ನಿಮ್ಮ ಈಗಿನ ಮೈದಾನ ವರ್ಷಕ್ಕೆ ಎಷ್ಟು ಪಂದ್ಯಗಳಲ್ಲಿ ತುಂಬುತ್ತದೆ ಎಂಬುದನ್ನು ಮೊದಲು ನೋಡಿಕೊಂಡರೆ ಹಿರಿಯರೊಂದಿಗಿನ ವಾದ ಅರ್ಧ ಮುಗಿದೀತು.

ಪ್ರಶ್ನೆ: ಸರ್ಕಾರ ಕಟ್ಟಿಸಿರುವ ಅಥ್ಲೆಟಿಕ್ಸ್ ಕ್ರೀಡಾಂಗಣವೊಂದು ಕಡಿಮೆ ಬಾಡಿಗೆಗೆ ಸಿಗುವ ಸೂಚನೆಯಿದೆ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದ್ದರೆ ಅಷ್ಟೊಂದು ತೊಂದರೆಯೆ?

ಉತ್ತರ: ತೊಂದರೆ ಎಷ್ಟೆಂದು ಅಳತೆ ಹಾಕಿಯೇ ನೋಡೋಣ. ಅಂತರರಾಷ್ಟ್ರೀಯ ಮಾದರಿಯ 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಹಾಗಾಗಿ ಟ್ರ್ಯಾಕಿನ ಒಳಗಿನ ಜಾಗ ಸುಮಾರು 157 ಮೀಟರ್ ಉದ್ದ, 73 ಮೀಟರ್ ಅಗಲ. ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅದನ್ನು ನಡುವೆ ಇಟ್ಟರೆ ಗೋಲು ರೇಖೆಯಿಂದ ಟ್ರ್ಯಾಕಿನ ಒಳ ಅಂಚಿಗೆ 26 ಮೀಟರ್. ಎಂಟು ಪಥಗಳಿಗೆ ಹತ್ತು ಮೀಟರ್ ಸೇರಿಸಿ. ಗೋಲಿನ ಹಿಂದೆ ಮೊದಲ ಸಾಲಿನಲ್ಲಿ ಕುಳಿತವನಿಗೂ ಗೋಲು ರೇಖೆಗೂ ನಡುವೆ ಕನಿಷ್ಠ 36 ಮೀಟರ್ ಅಂತರ ಉಳಿಯುತ್ತದೆ. ಪೆನಾಲ್ಟಿ ಆವರಣದ ಆಳ 16.5 ಮೀಟರ್ ಮಾತ್ರ ಎಂಬುದನ್ನು ನೆನೆದರೆ ಇದು ಎಷ್ಟೆಂದು ತಿಳಿಯುತ್ತದೆ. ಪಕ್ಕದ ಸ್ಟ್ಯಾಂಡುಗಳಲ್ಲಿ ಈ ನಷ್ಟ ಹನ್ನೆರಡು ಮೀಟರಿನಷ್ಟು, ಅದನ್ನು ಹೇಗೋ ಸಹಿಸಬಹುದು. ಆದರೆ ಹಾಡುವವರು, ಕೂಗುವವರು, ಬಾವುಟ ಹಿಡಿಯುವವರು ಸಾಮಾನ್ಯವಾಗಿ ಸೇರುವುದು ಗೋಲಿನ ಹಿಂದೆಯೇ.

ಇದರ ಜೊತೆಗೆ ನೋಟದ ಸಮಸ್ಯೆಯಿದೆ. ಮುಂದೆ ಕುಳಿತವರ ತಲೆಯ ಮೇಲಿನಿಂದ ನಿಮ್ಮ ದೃಷ್ಟಿ ಎಷ್ಟು ಎತ್ತರದಲ್ಲಿ ಹಾದುಹೋಗುತ್ತದೆ ಎಂಬುದನ್ನು ವಿನ್ಯಾಸಕಾರರು ‘ಸಿ ಮೌಲ್ಯ’ ಎಂದು ಲೆಕ್ಕ ಹಾಕುತ್ತಾರೆ. 12 ಸೆಂಟಿಮೀಟರ್ ಇದ್ದರೆ ಉತ್ತಮ, 9 ಇದ್ದರೆ ಸಾಕು, 6ಕ್ಕೆ ಇಳಿದರೆ ಕತ್ತು ಹೊರಳಿಸುತ್ತ ಕೂರಬೇಕು. ಟ್ರ್ಯಾಕಿನ ಹೊರ ಅಂಚನ್ನು ನೋಡಲು ಹೊಂದಿಸಿದ ಇಳಿಜಾರಿಗೂ ಹತ್ತಿರದ ಫುಟ್‌ಬಾಲ್ ರೇಖೆಯನ್ನು ನೋಡಲು ಹೊಂದಿಸಿದ ಇಳಿಜಾರಿಗೂ ವ್ಯತ್ಯಾಸವಿರುತ್ತದೆ. 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಲಂಡನ್ ಕ್ರೀಡಾಂಗಣಕ್ಕೆ 2016ರಲ್ಲಿ ಹೋದ ವೆಸ್ಟ್ ಹ್ಯಾಮ್ ಕ್ಲಬ್ಬಿಗಾಗಿ ಸರಿಸಬಲ್ಲ ಆಸನಗಳನ್ನು ಅಳವಡಿಸಲಾಯಿತಾದರೂ, ಕೆಳಗಿನ ಮತ್ತು ಮೇಲಿನ ಹಂತಗಳ ನಡುವೆ ಎದ್ದು ಕಾಣುವ ಕಂದಕ ಉಳಿಯಿತು. ಬಾಡಿಗೆ ಆರಂಭದಲ್ಲಿ ವರ್ಷಕ್ಕೆ ಸುಮಾರು 25 ಲಕ್ಷ ಪೌಂಡು, ಗುತ್ತಿಗೆ 99 ವರ್ಷಗಳದ್ದು. ಹಣದ ದೃಷ್ಟಿಯಿಂದ ಅಗ್ಗವೇ. ಅಭಿಮಾನಿಗಳ ಅಸಮಾಧಾನ ಮಾತ್ರ 2018ರ ಮಾರ್ಚಿನಲ್ಲಿ ಬರ್ನ್ಲಿ ವಿರುದ್ಧದ ಪಂದ್ಯದ ನಡುವೆ ಮೈದಾನಕ್ಕೇ ನುಗ್ಗಿತು.

ಯುವೆಂಟಸ್ ಕಂಡುಕೊಂಡ ದಾರಿ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. 1990ರ ವಿಶ್ವಕಪ್‌ಗೆ ಟ್ರ್ಯಾಕ್ ಸಹಿತ ಕಟ್ಟಿದ ಭಾರೀ ಡೆಲ್ಲೆ ಆಲ್ಪಿ ಕ್ರೀಡಾಂಗಣವನ್ನು ಯಾರೂ ಪ್ರೀತಿಸಲಿಲ್ಲ. ಕ್ಲಬ್ಬು ಅದನ್ನು ಕೆಡವಿಸಿ, ಅದೇ ಜಾಗದಲ್ಲಿ 2011ರಲ್ಲಿ ಟ್ರ್ಯಾಕ್ ಇಲ್ಲದ, ಸುಮಾರು 41,000 ಆಸನಗಳ ಸ್ವಂತ ಅಂಗಣವನ್ನು ತೆರೆಯಿತು. ಆಸನಗಳನ್ನು ಕಡಿಮೆ ಮಾಡಿಕೊಂಡೂ ಮುಂದಿನ ಒಂಬತ್ತು ಲೀಗ್ ಪ್ರಶಸ್ತಿಗಳನ್ನು ಸತತವಾಗಿ ಗೆದ್ದಿತು. ಗೆಲುವಿಗೆ ಕ್ರೀಡಾಂಗಣವೊಂದೇ ಕಾರಣವೆನ್ನಲಾರೆ, ಆದರೆ ಅದು ಅಡ್ಡಿಯಾಗಲಿಲ್ಲ ಎಂಬುದಂತೂ ನಿಜ.

ಪ್ರಶ್ನೆ: ಹೊಸ ಜಾಗದಲ್ಲಿ ನಮ್ಮ ತಂಡ ಮೊದಲ ಋತುವಿನಲ್ಲಿ ಸೋಲುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ.

ಉತ್ತರ: ಸ್ವಲ್ಪ ಮಟ್ಟಿಗೆ ಹುರುಳಿದೆ. ಹೊಸ ಅಂಗಣಕ್ಕೆ ಹೋದ ಉತ್ತರ ಅಮೆರಿಕದ ವೃತ್ತಿಪರ ತಂಡಗಳನ್ನು ಪರಿಶೀಲಿಸಿದ 2002ರ ಅಧ್ಯಯನವೊಂದು, ಮೊದಲ ಋತುವಿನಲ್ಲಿ ತವರಿನ ಅನುಕೂಲ ಕುಗ್ಗುತ್ತದೆಂದು ಕಂಡುಕೊಂಡಿತು. ಅದು ಫುಟ್‌ಬಾಲ್ ತಂಡಗಳ ಅಧ್ಯಯನವಲ್ಲ, ಮತ್ತು ನಷ್ಟ ತಾತ್ಕಾಲಿಕವಾದುದು. ಈ ಒಂದು ಕಾರಣಕ್ಕೆ ಸ್ಥಳಾಂತರವನ್ನು ಬೇಡವೆನ್ನಬೇಕಾಗಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ಜೀವಮಾನವಿಡೀ ಒಂದೇ ಸ್ಟ್ಯಾಂಡಿನಲ್ಲಿ ನಿಂತು ಆಟ ನೋಡಿದವರು. ಅವರು ತೀರಿಕೊಂಡ ಮೇಲೂ ನಾನು ಅದೇ ಜಾಗಕ್ಕೆ ಹೋಗುತ್ತೇನೆ. ಅದನ್ನು ಕೆಡವಿ ಮನೆಗಳನ್ನು ಕಟ್ಟುತ್ತಾರೆಂದು ಕೇಳಿ ನಿದ್ದೆ ಬರುತ್ತಿಲ್ಲ. ಇದು ಹುಚ್ಚುತನವೆ?

ಉತ್ತರ: ಖಂಡಿತ ಅಲ್ಲ, ತಾಯಿ. ನಿಮ್ಮ ಸಂಕಟವನ್ನು ಆಡಳಿತ ಮಂಡಳಿಯ ಮುಂದೆ ಬೇಡಿಕೆಯ ರೂಪದಲ್ಲಿ ಇಡಬಹುದು, ಇಡಬೇಕು ಕೂಡ. ಮಿಡಲ್ಸ್‌ಬರೊ ಕ್ಲಬ್ಬು 1995ರಲ್ಲಿ ಏರ್ಸಮ್ ಪಾರ್ಕನ್ನು ಬಿಟ್ಟಾಗ ಅಲ್ಲಿ ಮನೆಗಳೇ ಎದ್ದವು. ಆದರೆ 1966ರ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾದ ಪಾಕ್ ಡೂ ಇಕ್ ಇಟಲಿಯನ್ನು ಸೋಲಿಸಿದ ಗೋಲನ್ನು ಹೊಡೆದ ಜಾಗದಲ್ಲಿ, ಒಂದು ಮನೆಯ ಮುಂದಿನ ಹುಲ್ಲಿನಲ್ಲಿ, ಬೂಟಿನ ಅಡಿಯ ಮೊಳೆಗಳ ಗುರುತನ್ನು ಕಂಚಿನಲ್ಲಿ ಎರಕ ಹೊಯ್ದು ಕೂರಿಸಲಾಗಿದೆ. ಹಳೆಯ ಮೈದಾನದ ಕಬ್ಬಿಣದ ಗೇಟುಗಳು ಹೊಸ ಕ್ರೀಡಾಂಗಣದ ಮುಂದೆ ನಿಂತಿವೆ. ಹೈಬರಿಯಲ್ಲಿ ಸ್ಟ್ಯಾಂಡುಗಳ ಮುಖಭಾಗಗಳನ್ನು ಉಳಿಸಿಕೊಂಡೇ ವಸತಿ ಸಂಕೀರ್ಣ ಕಟ್ಟಿದರು; ಆಟ ನಡೆದ ನೆಲ ಈಗ ಅಲ್ಲಿನ ನಿವಾಸಿಗಳ ತೋಟ.

ಕೆಡವುವುದೊಂದೇ ದಾರಿಯೂ ಅಲ್ಲ. ಎವರ್ಟನ್ ಪುರುಷರ ತಂಡ 1892ರಿಂದ ಆಡಿದ ಗುಡಿಸನ್ ಪಾರ್ಕಿನಲ್ಲಿ 2025ರ ಮೇ 18ರಂದು ಕೊನೆಯ ಪಂದ್ಯವಾಡಿ, ಬಂದರಿನ ಬಳಿಯ 52,769 ಆಸನಗಳ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಗುಡಿಸನ್ ಪಾರ್ಕನ್ನು ಕೆಡವುವ ಯೋಜನೆ ಮೊದಲು ಇತ್ತು. ಕೊನೆಗೆ ಅದನ್ನು ಕ್ಲಬ್ಬಿನ ಮಹಿಳಾ ತಂಡದ ತವರಾಗಿ ಉಳಿಸಿಕೊಳ್ಳಲಾಯಿತು. ನಿಮ್ಮ ಕ್ಲಬ್ಬಿಗೆ ಮಹಿಳಾ ತಂಡವೋ ಕಿರಿಯರ ತಂಡಗಳೋ ಇದ್ದರೆ ಈ ಉದಾಹರಣೆಯನ್ನು ಎತ್ತಿ ಹೇಳಿ. ಮೈದಾನ ಮಾರಿದ ಹಣದಿಂದಲೇ ಹೊಸ ಕಟ್ಟಡ ಏಳುವುದಾದರೆ ಇದು ಕಷ್ಟ ಎಂಬುದನ್ನೂ ಹೇಳದೆ ಇರಲಾರೆ.

ಪ್ರಶ್ನೆ: ಇಷ್ಟೆಲ್ಲ ಮಾತಾಡಿ ಪ್ರಯೋಜನವೇನು? ಮಾಲೀಕರು ತಮಗೆ ಬೇಕಾದ್ದನ್ನೇ ಮಾಡುತ್ತಾರೆ. ಪಂದ್ಯಗಳನ್ನು ಬಹಿಷ್ಕರಿಸುವುದೊಂದೇ ನಮಗೆ ಉಳಿದ ದಾರಿಯಲ್ಲವೆ?

ಉತ್ತರ: ಮಾಲೀಕರು ಬಯಸಿದ್ದೆಲ್ಲ ನಡೆದಿಲ್ಲ. ಚೆಲ್ಸಿಯ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದ ನೆಲ ಕ್ಲಬ್ಬಿನ ಕೈಯಲ್ಲಿಲ್ಲ, ಅಭಿಮಾನಿಗಳು ಷೇರು ಕೊಂಡು ಕಟ್ಟಿದ ಪ್ರತ್ಯೇಕ ಕಂಪನಿಯ ಕೈಯಲ್ಲಿದೆ. ಅಲ್ಲಿ ಆಡದಿದ್ದರೆ ಕ್ಲಬ್ಬಿನ ಹೆಸರನ್ನು ಬಳಸುವ ಹಕ್ಕೂ ಹೋಗುತ್ತದೆ. 2011ರಲ್ಲಿ ಅಂದಿನ ಆಡಳಿತ ಆ ನೆಲವನ್ನು ಮರಳಿ ಕೊಳ್ಳಲು ಮುಂದಾದಾಗ ಶೇ 75ರಷ್ಟು ಮತಗಳು ಬೇಕಿದ್ದವು. ಸಿಕ್ಕಿದ್ದು ಶೇ 60ಕ್ಕಿಂತ ತುಸು ಹೆಚ್ಚು. ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು. ಎವರ್ಟನ್ ಕೂಡ ಇದಕ್ಕೂ ಮೊದಲು ನಗರದ ಹೊರಗಿನ ಕರ್ಕ್‌ಬಿಗೆ ಹೋಗಲು ಹೊರಟಿತ್ತು. 2007ರ ಮತದಾನದಲ್ಲಿ ಬಹುಮತ ಸಿಕ್ಕರೂ ವಿರೋಧಿಗಳು ಪಟ್ಟು ಸಡಿಲಿಸಲಿಲ್ಲ, 2009ರಲ್ಲಿ ಸರ್ಕಾರವೇ ಆ ಯೋಜನೆಯನ್ನು ತಿರಸ್ಕರಿಸಿತು. ಇಂಗ್ಲೆಂಡಿನಲ್ಲಿ 2025ರಲ್ಲಿ ಬಂದ ಫುಟ್‌ಬಾಲ್ ಆಡಳಿತ ಕಾಯ್ದೆಯ ಪ್ರಕಾರ ತವರು ಮೈದಾನವನ್ನು ಮಾರಲು ಅಥವಾ ಬಿಟ್ಟುಹೋಗಲು ಸ್ವತಂತ್ರ ನಿಯಂತ್ರಕರ ಒಪ್ಪಿಗೆ ಬೇಕು.

ಎಲ್ಲೆಲ್ಲೂ ಸೋತಾಗಲೂ ದಾರಿಯಿದೆ ಎಂದು ತೋರಿಸಿದವರು ವಿಂಬಲ್ಡನ್ನಿನವರು. ತಮ್ಮ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಅನುಮತಿ ಸಿಕ್ಕಾಗ, ಅಭಿಮಾನಿಗಳು 2002ರಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ತಾವೇ ಹುಟ್ಟುಹಾಕಿ, ಕೆಳಗಿನ ಲೀಗುಗಳಿಂದ ಮೇಲೇರುತ್ತ, 2020ರಲ್ಲಿ ತಮ್ಮ ಹಳೆಯ ಪ್ಲೌ ಲೇನ್ ಬಡಾವಣೆಗೇ ಹಿಂದಿರುಗಿದರು. ಆದರೆ ಅದು ಹದಿನೆಂಟು ವರ್ಷಗಳ ದುಡಿಮೆ; ಅದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಬಹಿಷ್ಕಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹಳೆಯ ಮೈದಾನದಲ್ಲಿ ಕಾಣುವ ಪ್ರತಿಯೊಂದು ಖಾಲಿ ಆಸನವನ್ನೂ ಆಡಳಿತ ಮಂಡಳಿ ತನ್ನ ವಾದಕ್ಕೇ ಬಳಸಿಕೊಳ್ಳುತ್ತದೆ: ನೋಡಿ, ಇಲ್ಲಿಗೆ ಜನ ಬರುವುದಿಲ್ಲ ಎನ್ನುತ್ತದೆ. ಅದರ ಬದಲು ಎರಡೂ ಬಣಗಳು ಸೇರಿ ಒಂದೇ ಮನವಿ ಬರೆಯಿರಿ. ಸೀಸನ್ ಟಿಕೆಟ್ ಹೊಂದಿರುವವರು ತಮ್ಮ ಟಿಕೆಟ್ ಸಂಖ್ಯೆಯ ಸಮೇತ ಸಹಿ ಹಾಕಲಿ. ಹೊಸ ಜಾಗದ ಒಡೆತನ ಅಥವಾ ಗುತ್ತಿಗೆಯ ಕರಡು, ಸಾಲದ ಮೊತ್ತ ಮತ್ತು ಅವಧಿ, ಗೋಲಿನ ಹಿಂದಿನ ಮೊದಲ ಸಾಲಿನ ದೂರ, ಕೊನೆಯ ರೈಲು ಅಥವಾ ಬಸ್ಸಿನ ಸಮಯ, ಹಳೆಯ ಮೈದಾನದ ಮಾರಾಟ ಕರಾರಿನಲ್ಲಿ ಹೊಸದು ಸಿದ್ಧವಾಗುವವರೆಗೆ ಅಲ್ಲೇ ಆಡುವ ಷರತ್ತು ಇದೆಯೇ ಇಲ್ಲವೇ ಎಂಬುದು, ಇವಿಷ್ಟನ್ನೂ ಲಿಖಿತವಾಗಿ ಕೇಳಿ. ಮಾರಾಟದ ಕರಾರಿಗೆ ಸಹಿ ಬೀಳುವ ಮೊದಲೇ ಆ ಮನವಿ ಮಂಡಳಿಯ ಕೈ ಸೇರಲಿ. ಬಂದ ಉತ್ತರವನ್ನು ನಮಗೂ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಕರಡನ್ನು ಸಾಲುಸಾಲಾಗಿ ನೋಡೋಣ.