ಕ್ವಿಜ್‌ಗೆ ದಿನಕ್ಕೆ ನೂರು ಪ್ರಶ್ನೆ ಬಾಯಿಪಾಠ ಮಾಡ್ತಿದ್ದೀನಿ, ನೆನಪಲ್ಲಿ ಉಳಿಯುತ್ತಿಲ್ಲ. ಏನು ಮಾಡಲಿ?

ಪ್ರಕೃತಿಗೊಂದು, ವಿಜ್ಞಾನಕ್ಕೊಂದು, ಸಿನಿಮಾಕ್ಕೊಂದು ನೋಟ್‌ಬುಕ್ ಇಟ್ಟಿದ್ದೀನಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಪಿಯುಸಿಯಲ್ಲಿದ್ದಾಗ ನನ್ನ ಹತ್ತಿರವೂ ಹಾಗೇ ಮೂರು ಇದ್ದವು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಕೆಂಪು ಗೆರೆ.

ಜಿಲ್ಲಾ ಮಟ್ಟದ ಫೈನಲ್, ಬಜರ್ ಸುತ್ತು, ಕೊನೇ ಪ್ರಶ್ನೆ. ನಾವು 5 ಅಂಕ ಮುಂದಿದ್ದೆವು. ತಪ್ಪು ಹೇಳಿದರೆ 10 ಅಂಕ ಕಟ್. ಮೇಷ್ಟ್ರು ಓದಲು ಶುರು ಮಾಡಿದರು: "ಕನ್ನಡ ಚಿತ್ರರಂಗವನ್ನು ಯಾವ ಮರದ ಹೆಸರಿನಿಂದ ಕರೆಯುತ್ತಾರೋ..." ನಾನು ಒತ್ತಿಬಿಟ್ಟೆ. "ಶ್ರೀಗಂಧ ಸಾರ್!"

ಮೇಷ್ಟ್ರು ತಲೆ ಅಲ್ಲಾಡಿಸಿ ಉಳಿದರ್ಧ ಓದಿದರು: "...ಆ ಮರದ ಸಸಿಯನ್ನು ಒಂಟಿಯಾಗಿ ನೆಟ್ಟರೆ ಯಾಕೆ ಸೊರಗುತ್ತದೆ?" ಪಕ್ಕದ ತಂಡದ ಹುಡುಗಿ ಹೇಳಿದಳು. ಕಪ್ ಅವರದಾಯಿತು.

ಎಲ್ಲರೂ ಆತುರ ಪಟ್ಟೆ ಅಂದರು. ಅದಲ್ಲ. ಇದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ನೀವೂ ಇದನ್ನೇ ಮಾಡ್ತಿದ್ದೀರಿ. ನನ್ನ ಸಿನಿಮಾ ಪುಸ್ತಕದಲ್ಲಿ "ಚಂದನವನ – ಕನ್ನಡ ಚಿತ್ರರಂಗ" ಅಂತ ಇತ್ತು. ಪ್ರಕೃತಿ ಪುಸ್ತಕದಲ್ಲಿ "ರಾಜ್ಯ ಮರ – ಶ್ರೀಗಂಧ". ವಿಜ್ಞಾನದ್ದರಲ್ಲಿ "ಪರಾವಲಂಬಿ ಗಿಡ – ಬಂದಳಿಕೆ". ಮೂರು ಪುಸ್ತಕದಲ್ಲಿ ಮೂರು ಸಾಲು, ಒಂದಕ್ಕೊಂದು ಗುರುತೇ ಇಲ್ಲ. ಗಂಧ ಅನ್ನುವ ಪದ ಬಂದ ಕೂಡಲೇ ನನಗೆ ಗೊತ್ತಿದ್ದದ್ದು ಮುಗಿದುಹೋಗಿತ್ತು. ಮುಂದೆ ಕಾಯುವುದಕ್ಕೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಅದಕ್ಕೇ ಕೈ ಬಜರ್ ಮೇಲೆ ಹೋಯಿತು. ಪೂರ್ತಿ ಪ್ರಶ್ನೆ ಕೇಳಿದ್ದರೂ ನನಗೆ ಉತ್ತರ ಬರುತ್ತಿರಲಿಲ್ಲ, ಗೊತ್ತಾಯ್ತಾ?

ಜಾಸ್ತಿ ನೋವಾದದ್ದು ಮನೆಗೆ ಹೋದ ಮೇಲೆ. ನಮ್ಮ ಹಿತ್ತಿಲಲ್ಲೇ ಎರಡು ಗಂಧದ ಸಸಿ ಇದ್ದವು. ಬುಡಕ್ಕೆ ಅಜ್ಜ ತೊಗರಿ ಹಾಕಿದ್ದರು. ಹುಳಿಗೆ ಆಗುತ್ತೆ ಅಂತ ಹಾಕಿದ್ದಾರೆ ಅಂದುಕೊಂಡಿದ್ದೆ. ಅಜ್ಜ ಕುರ್ಪಿ ತಂದು ಮಣ್ಣು ಕೆದಕಿ ತೋರಿಸಿದರು. ಗಂಧದ ಬೇರಿನ ಮೇಲೆ ಶರ್ಟಿನ ಗುಂಡಿಯಂಥ ಪುಟ್ಟ ಗಂಟುಗಳು. ಅವು ತೊಗರಿ ಬೇರನ್ನು ಕಚ್ಚಿ ಹಿಡಿದಿದ್ದವು. ಎಳೆದರೆ ತೊಗರಿ ಬೇರಿನ ಸಿಪ್ಪೆಯೂ ಕಿತ್ತು ಬಂತು. "ಇದು ಒಂದೇ ಬದುಕಲ್ಲ ಮಗಾ, ಜೊತೆ ಬೇಕು," ಅಂದರು.

ಗಂಧದ ಎಲೆ ಹಸಿರು, ಬಿಸಿಲಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತೆ. ಆದರೆ ನೀರು, ಲವಣಕ್ಕೆ ಪಕ್ಕದ ಗಿಡದ ಬೇರನ್ನೂ ನೆಚ್ಚಿಕೊಂಡಿರುತ್ತೆ. ತೊಗರಿ ಬೇರಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುತ್ತವೆ, ಅದರಲ್ಲೂ ಗಂಧಕ್ಕೆ ಪಾಲು. ಇದನ್ನು ನಾನು ಎಲ್ಲೂ ಬರೆದುಕೊಂಡಿಲ್ಲ. ಮರೆತೂ ಇಲ್ಲ.

ಆಮೇಲೆ ಆ ಒಂದು ಮರವನ್ನೇ ಹಿಡಿದು ಹೋದೆ. ಎಲೆ ಮೂಸಿದರೆ ವಾಸನೆ ಇಲ್ಲ, ಪರಿಮಳವೆಲ್ಲ ಒಳಗಿನ ಚೇಗಿನಲ್ಲಿ, ಅದಕ್ಕೂ ವರ್ಷಗಟ್ಟಲೆ ಕಾಯಬೇಕು. 1792ರಲ್ಲಿ ಟಿಪ್ಪು ಇದನ್ನು ರಾಜಮರ, ಅಂದರೆ ದೊರೆಗೇ ಸೇರಿದ ಮರ ಅಂತ ಮಾಡಿದ. ನಮ್ಮ ಜಮೀನಿನ ಗಂಧದ ಮರ ನಮ್ಮದೇ ಅಂತ ಕಾನೂನು ಆಗಲು 2001 ಬರಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗದೆ ಉಳಿದ ಕೊರಡಿನಿಂದ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ, ಅಲ್ಲಿಂದ ನಾವು ಹಚ್ಚುವ ಸೋಪು. ಇತಿಹಾಸ, ಕಾನೂನು, ವ್ಯಾಪಾರ, ಸಿನಿಮಾ ಎಲ್ಲ ಒಂದೇ ಬುಡದಲ್ಲಿ ಸಿಕ್ಕಿತು.

ಹಾಗಾಗಿ ನೆನಪಿನ ಶಕ್ತಿಗೆ ಟಿಪ್ಸ್ ಕೇಳಿದ್ದೀರಿ, ನಾನು ಕೊಡಲ್ಲ. ನಿಮ್ಮ ನೆನಪು ಚೆನ್ನಾಗೇ ಇದೆ. ನೂರು ಪ್ರಶ್ನೆ ಬಿಡಿ, ದಿನಕ್ಕೆ ಮೂರು ಸಾಕು. ಮೂರು ಪುಸ್ತಕ ಬಿಟ್ಟು ಒಂದು ಮಾಡಿ, ನಡುವಿನ ಗೆರೆ ಹಾಕಬೇಡಿ. ಯಾವ ಗೈಡ್ ಕೊಳ್ಳಲಿ ಅಂದಿರಿ, ಯಾವುದೂ ಬೇಡ.

ಇವತ್ತು ನೀಲಕಂಠದಿಂದ ಶುರು ಮಾಡಿ. "ರಾಜ್ಯ ಪಕ್ಷಿ" ಅಂತ ಬರೆದು ಮುಗಿಸಿರುತ್ತೀರಿ. ಕರೆಂಟ್ ತಂತಿ ಮೇಲೆ ಕೂತಿರುತ್ತೆ, ಹೋಗಿ ನೋಡಿ. ಹೆಸರು ನೀಲಕಂಠ, ಕತ್ತು ಮಾತ್ರ ನೀಲಿ ಅಲ್ಲ. ಹಾರಿದಾಗ ರೆಕ್ಕೆ ನೀಲಿ. ಆ ಗರಿಯಲ್ಲಿ ನೀಲಿ ಬಣ್ಣದ ಪದಾರ್ಥವೂ ಇಲ್ಲ, ಒಳಗಿನ ಕಣ್ಣಿಗೆ ಕಾಣದ ಗಾಳಿಗೂಡುಗಳು ಬೆಳಕನ್ನು ಚದುರಿಸಿ ನೀಲಿ ಕಾಣಿಸುತ್ತವೆ. ಎಲ್ಲಾದರೂ ಉದುರಿದ ಗರಿ ಕಂಡರೆ ಬಿಸಿಲಿಗೆ ಬೆನ್ನು ಹಾಕಿ ಒಮ್ಮೆ ನೋಡಿ, ಆಮೇಲೆ ಬಿಸಿಲಿಗೆ ಅಡ್ಡ ಹಿಡಿದು ನೋಡಿ.